ಆಣೆ ಬಿಡು, ಗೋದಾ

ವಿಜಯಪುರ
೧೭ ಫೆಬ್ರುವರಿ ೨೦೨೫, ಸೋಮವಾರ

ಚಿ. ಸೌ. ಗೋದಾವರಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ ಅಂತ ಬರೆಯಲು ಕೈ ತಾನೇ ಹೋಯಿತು, ಇಷ್ಟು ವರ್ಷದ ರೂಢಿ. ಈ ಸಲ ಆ ಸಾಲು ಬಿಟ್ಟಿದ್ದೇನೆ. ಕ್ಷೇಮ ಇದ್ದಿದ್ದರೆ ಫೋನಿನಲ್ಲೇ ಮುಗಿಸುತ್ತಿದ್ದೆ. ನಿನಗೆ ಫೋನು ಮಾಡಿದರೆ ಪಕ್ಕದಲ್ಲಿ ನಿಮ್ಮ ಅತ್ತೆಯವರು ಬೀಗತಿ ಏನಂತಾರ ಅಂತ ಕೇಳುವುದು ನನಗೇ ಕೇಳಿಸುತ್ತದೆ. ವಾಟ್ಸಾಪಿನಲ್ಲಿ ಹಾಕಿದರೆ ಮೊದಲು ನಿನ್ನ ಮಗಳು ಪ್ರಾಚಿ ಓದುತ್ತಾಳೆ, ಆಮೇಲೆ ನೀನು. ಅದಕ್ಕೇ ಈ ಪತ್ರವನ್ನು ಸುಶೀಯ ಹೆಡ್‌ಮಾಸ್ತರು ಸಂಗನಬಸವ ಅವರ ಕೈಯಲ್ಲಿ ಕೊಡುತ್ತಿದ್ದೇನೆ. ನಾಳೆ ಏನೋ ತರಬೇತಿ ಅಂತ ಧಾರವಾಡಕ್ಕೆ ಬರುತ್ತಾರೆ, ನಿನ್ನ ಶಾಲೆಗೇ ಬಂದು ಮುಟ್ಟಿಸುತ್ತಾರೆ. ಅವರು ಏನೂ ಕೇಳುವ ಪೈಕಿ ಅಲ್ಲ, ನೀನೂ ಏನೂ ಹೇಳಬೇಡ. ಸ್ಟಾಫ್ ರೂಮಿನಲ್ಲಿ ಒಡೆಯಬೇಡ.

ನಿನ್ನ ತಮ್ಮನಿಗೆ ಟೈಫಾಯಿಡ್ ಅಂತ ಹೇಳಿದ್ದೆನಲ್ಲ, ಅದು ಟೈಫಾಯಿಡ್ ಅಲ್ಲ. ಈ ತಿಂಗಳ ಮೊದಲ ವಾರ ಸುಶೀ ಜೀವ ಕಳೆದುಕೊಳ್ಳಲು ಹೋಗಿದ್ದ. ಹೇಗೆ, ಎಲ್ಲಿ ಅನ್ನುವುದನ್ನು ಬರೆಯುವುದಿಲ್ಲ. ನೈವೇದ್ಯಕ್ಕೆ ತುಳಸಿ ಮರೆತು ಹಿತ್ತಲಿಗೆ ಹೋದೆನಲ್ಲ, ಅಷ್ಟೇ ನಮ್ಮ ಪುಣ್ಯ. ಅಂದಿನಿಂದ ಟಿಕೋಟಾ ರಸ್ತೆಯ ಮನಸ್ಸಿನ ಆಸ್ಪತ್ರೆಯಲ್ಲಿ ಇಟ್ಟಿದ್ದಾರೆ. ನಾನು ಮಗ್ಗುಲಲ್ಲಿ ಒಂದು ಚಾಪೆ ಹಾಸಿಕೊಂಡು ಇದ್ದೇನೆ. ಮನೆಗೆ ಹೋಗುವುದು ಸ್ನಾನಕ್ಕೆ, ದೇವರಿಗೆ ದೀಪ ಹಚ್ಚುವುದಕ್ಕೆ ಮಾತ್ರ. ಓಣಿಯವರಿಗೂ ಟೈಫಾಯಿಡ್ ಅಂತಲೇ ಹೇಳಿದ್ದೇನೆ. ಅವರು ನಂಬಿಲ್ಲ, ನಂಬಿದ ಹಾಗೆ ಮಾಡುತ್ತಾರೆ.

ಅವನ ರಕ್ತದಲ್ಲಿ ಎಚ್‌ಐವಿ ಇದೆ ಅನ್ನುವುದು ನಮ್ಮ ಮೂವರನ್ನು ಬಿಟ್ಟು, ಅದಕ್ಕೆ ಗುಳಿಗೆ ಕೊಡುವ ಸೊಲ್ಲಾಪುರದ ಆಸ್ಪತ್ರೆಯವರನ್ನು ಬಿಟ್ಟು, ಮತ್ತೊಬ್ಬರಿಗೆ ಗೊತ್ತಿಲ್ಲ. ನಾನು ಆ ಅಕ್ಷರಗಳನ್ನು ಕೈಯಾರೆ ಬರೆದದ್ದು ಇದೇ ಮೊದಲು. ಬರೆಯಲಿಕ್ಕೇ ಇಷ್ಟು ಹೊತ್ತು ಕೂತಿದ್ದೆ, ಪೆನ್ನಿನ ಶಾಯಿ ಒಣಗಿತು.

ನೀನು ಆಣೆ ಹಾಕಿದ ದಿನ ನೆನಪಿದೆಯಲ್ಲ? ಕಾರ್ತೀಕದಲ್ಲಿ, ಪ್ರಾಚಿಯ ನಿಶ್ಚಯದ ದಿನ, ನಿಮ್ಮ ಅಡುಗೆಮನೆಯಲ್ಲಿ. ನನ್ನ ಚೀಲದೊಳಗಿನ ಡಬ್ಬಿಯಿಂದ ಅವನು ಗುಳಿಗೆ ತೆಗೆದು ನುಂಗುವುದನ್ನು ನೋಡಿದೆ, ಚೀಟಿ ಕೆರೆದು ತೆಗೆದ ಡಬ್ಬಿ ಯಾಕೆ ಅಂತ ಬೆನ್ನು ಹತ್ತಿದೆ. ಗುಟ್ಟು ಹೊರಗೆ ಬಂತು. ನೀನು ಕೇಳಿದ ಮೊದಲ ಮಾತು, ಇದನ್ನ ಎಲ್ಲಿಂದ ತಂದ್ಕೊಂಡಿ ಅಂತ. ಅವನು ಒಲೆಯ ಕಡೆ ಮುಖ ಮಾಡಿ ನಿಂತ. ಗೋದಾ, ನಾನು ಇವತ್ತಿನವರೆಗೂ ಅದನ್ನು ಕೇಳಿಲ್ಲ, ಮುಂದೆಯೂ ಕೇಳುವುದಿಲ್ಲ. ಬಾವಿಗೆ ಬಿದ್ದವನಿಗೆ ಹಗ್ಗ ಬಿಡುವ ಹೊತ್ತಿನಲ್ಲಿ ಕಾಲು ಹೇಗೆ ಜಾರಿತು ಅಂತ ಯಾರು ಕೇಳುತ್ತಾರೆ?

ಆಮೇಲೆ ನೀನು ದನಿ ಇಳಿಸಿ ಹೇಳಿದೆ. ಸಂಬಂಧ ಭಾರೀ ಮಂದಿದು ಅದ, ಒಂದು ಮಾತು ಹೊರಗ ಬಿದ್ರೂ ಹುಡಿಗಿ ಮದವಿ ಮುರೀತದ ಅಂತ. ತಲಿ ಕೆಟ್ಟದ ಅಂದ್ರ ತಲಿ ಡಾಕ್ಟರ್ ಕಡೆ ಹೋಗ್ರಿ, ಆದ್ರ ಅಲ್ಲಿ ಇದನ್ನ ಹೇಳಬ್ಯಾಡ್ರಿ. ಸೊಲ್ಲಾಪುರದಾಗ ತಲೀದು ಹೇಳಬ್ಯಾಡ್ರಿ ಅಂತ. ಅಷ್ಟರಲ್ಲಿ ಪ್ರಾಚಿ ಹಸಿರು ರೇಷ್ಮೆ ಸೀರೆ ಉಟ್ಟುಕೊಂಡು ನಮಸ್ಕಾರ ಮಾಡಲು ಒಳಗೆ ಬಂದಳು. ನೀನು ನನ್ನ ಕೈ ಹಿಡಿದು ಅವಳ ತಲೆಯ ಮೇಲೆ ಇಟ್ಟೆ, ಅದರ ಮೇಲೆ ಸುಶೀಯ ಕೈ ಇಟ್ಟೆ. ವೈಶಾಖದಾಗ ಮದವಿ ಆಗೋತನಕಾ, ಇಕಿ ಮ್ಯಾಲೆ, ಆತು ಅನ್ರಿ ಅಂದೆ. ಇಬ್ಬರೂ ಆತು ಅಂದೆವು. ಕೂಸು ತಲೆ ಎತ್ತಿ ನಕ್ಕು, ಅಜ್ಜೀ, ಆಶೀರ್ವಾದಕ್ಕ ಆತು ಅಂತಾರೇನು ಅಂದಳು. ನಾವೆಲ್ಲ ನಕ್ಕೆವು. ಆ ದಿನ ಬೂಂದಿ ಲಾಡು ಚೆನ್ನಾಗಿತ್ತು.

ಊರಿಗೆ ಬರುವಾಗ ಬಸ್ಸಿನಲ್ಲಿ ಸುಶೀ ಚೇಷ್ಟೆ ಮಾಡಿದ್ದ, ಅಕ್ಕ ಸ್ಟಾಂಪ್ ಪೇಪರ್ ತರೋದು ಮರತಾಳ ನೋಡು ಅಂತ. ಅಷ್ಟು ನಗುವಷ್ಟು ಮನಸ್ಸು ಆಗ ಉಳಿದಿತ್ತು. ಆದರೆ ಆಣೆಯ ವಿಷಯದಲ್ಲಿ ಅವನು ಚಿಕ್ಕವನಿದ್ದಾಗಿನಿಂದ ಹೇಗೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಮ್ಮೆ ನೀನು ಶಾಲೆಗೆ ಹೋಗುವಾಗ, ನಾ ಬರೋತನಕಾ ಈ ಪೇರಲಹಣ್ಣು ತಿಂದ್ರ ಅವ್ವನ ಆಣಿ ಅಂತ ಹೇಳಿ ಹೋದೆ. ಆ ಹುಡುಗ ಸಂಜೆಯವರೆಗೆ ಹಣ್ಣು ಕೈಯಲ್ಲಿ ಹಿಡಿದು ಕಟ್ಟೆಯ ಮೇಲೆ ಕೂತಿದ್ದ. ನಾನು ತಿನ್ನೋ ಮಾರಾಯಾ, ನನ್ನ ಆಣೆ, ನಾನೇ ಬಿಡಿಸ್ತೀನಿ ಅಂದರೂ ಕೇಳಲಿಲ್ಲ. ಹಾಕಿದವರ ಬಾಯಿಂದನ ಬಿಡಬೇಕು ಅಂದ. ನೀನು ಬಂದು ಬಿಟ್ಟೆ ಅಂದ ಮೇಲೆಯೇ ಕಚ್ಚಿದ್ದು.

ಅವನ ಮನಸ್ಸು ಕೆಟ್ಟದ್ದು ಹೇಗೆ ಅಂತಲೂ ನಿನಗೆ ಪೂರ್ತಿ ಹೇಳಿರಲಿಲ್ಲ. ದಸರೆಯ ರಜೆ ಮುಗಿದ ಮೇಲೆ ಬಬಲೇಶ್ವರದ ಶಾಲೆಯಲ್ಲಿ ಹತ್ತನೆಯ ತರಗತಿಗೆ ಆ ರೋಗದ ಬಗ್ಗೆ ಹೇಳುವ ಪಾಳಿ ಇವನದೇ ಬಂತು, ವಿಜ್ಞಾನದ ಮಾಸ್ತರನಲ್ಲವೇ. ಕೈ ಕುಲುಕಿದರೆ ಬರುವುದಿಲ್ಲ, ಜೊತೆಗೆ ಉಂಡರೆ ಬರುವುದಿಲ್ಲ ಅಂತ ಪ್ರತಿ ವರ್ಷ ಹೇಳಿಕೊಂಡು ಬಂದವನು, ಈ ವರ್ಷ ಬೋರ್ಡಿನ ಮೇಲೆ ರೋಗದ ಹೆಸರು ಬರೆದು ಹಾಗೇ ಗೋಡೆಗೆ ಮುಖ ಮಾಡಿ ನಿಂತುಬಿಟ್ಟನಂತೆ. ಗಂಟೆ ಬಾರಿಸಿದರೂ ತಿರುಗಲಿಲ್ಲ. ಹೆಡ್‌ಮಾಸ್ತರೇ ಗಾಡಿಯ ಮೇಲೆ ಕೂರಿಸಿಕೊಂಡು ಮನೆಗೆ ತಂದು ಬಿಟ್ಟರು. ಸರ್‍ಗೆ ಆರಾಮಿಲ್ರಿ ಅಮ್ಮಾರ, ಹುಡುಗೂರು ಅಳಾಕತ್ತಾವ್ರಿ, ಒಂದೆರಡ ತಿಂಗಳ ರಜಾ ಹಾಕ್ಸೂಣ್ರಿ ಅಂದರು. ನಾನು ಚಹಾ ಮಾಡಿಕೊಟ್ಟೆ. ಏನಾಗ್ಯದ ಅಂತ ಅವರು ಕೇಳಲಿಲ್ಲ, ಕಪ್ಪು ತೊಳೆದಿಟ್ಟು ಹೋದರು.

ಅದಾದ ಮೇಲೆ ನಿಶ್ಚಯ, ನಿನ್ನ ಆಣೆ, ಆಮೇಲೆ ಡಿಸೆಂಬರಿನಲ್ಲಿ ಮನಸ್ಸಿನ ಡಾಕ್ಟರು. ಡಾಕ್ಟರ್ ಮುಬೀನ ಅಂತ, ಪ್ರಾಚಿಗಿಂತ ಹತ್ತು ವರ್ಷ ದೊಡ್ಡವಳಿರಬಹುದು, ಮಾತು ಮೆತ್ತಗೆ. ಬ್ಯಾರೆ ಏನರ ಬ್ಯಾನಿ ಐತೇನ್ರಿ, ಬ್ಯಾರೆ ಗುಳಿಗಿ ನಡದಾವೇನ್ರಿ ಅಂತ ಮೊದಲ ದಿನವೇ ಕೇಳಿದಳು. ವಕೀಲನ ಮುಂದೆ, ವೈದ್ಯನ ಮುಂದೆ ಸುಳ್ಳು ಹೇಳಬಾರದು ಅಂತ ನಿಮ್ಮ ಅಪ್ಪ ಸಾಯುವವರೆಗೂ ಹೇಳುತ್ತಿದ್ದರು. ನಾನು ಏನೂ ಇಲ್ಲ ಅಂದೆ. ಸುಶೀ ನನ್ನ ಮುಖ ನೋಡಿದ, ನಾನು ಕಿಟಕಿ ನೋಡಿದೆ. ಹೋದಾಗಲೆಲ್ಲ ಕೇಳಿದಳು. ಹೋದಾಗಲೆಲ್ಲ ಇಲ್ಲ. ಅವಳು ಮನಸ್ಸಿನ ಏರಿಳಿತಕ್ಕೆ ಅಂತ ಗುಳಿಗೆ ಕೊಟ್ಟಳು, ಅದನ್ನು ಬೆಳಿಗ್ಗೆ ಸಂಜೆ ತೆಗೆದುಕೊಂಡ. ಸೊಲ್ಲಾಪುರದ್ದನ್ನು ರಾತ್ರಿ ಹಾಲಿನೊಂದಿಗೆ. ಸ್ವಲ್ಪ ನಿದ್ದೆ ಬಂತು, ಮುಖಕ್ಕೆ ಕಳೆ ಬಂತು. ಸಂಕ್ರಾಂತಿಗೆ ಕುಸುರೆಳ್ಳು ತಿನ್ನುತ್ತ ಫೆಬ್ರುವರಿಗೆ ಶಾಲೆಗೆ ಹೋಗ್ತೀನವ್ವಾ ಅಂದಿದ್ದ.

ಜನವರಿ ಕಡೆಯಲ್ಲಿ ಸೊಲ್ಲಾಪುರಕ್ಕೆ ಹೋದೆವು, ವರ್ಷಕ್ಕೊಮ್ಮೆ ರಕ್ತ ನೋಡುತ್ತಾರೆ. ಹೋದ ವರ್ಷ ವೈರಸ್ಸು ಕಾಣದಷ್ಟು ಕಡಿಮೆ ಇತ್ತು, ಪೇಢೆ ಹಂಚುವುದೊಂದು ಬಾಕಿ. ಈ ವರ್ಷ ಸಿಕ್ಕಾಪಟ್ಟೆ ಏರಿದೆ. ಅಲ್ಲಿ ಗುಳಿಗೆ ಕೊಡುವ ಹೆಣ್ಣುಮಗಳು ಗುಳಿಗಿ ಬಿಡಾಕತ್ತೀರಿ ನೀವು ಅಂದಳು. ಒಂದು ದಿನಾನೂ ಬಿಟ್ಟಿಲ್ಲ ಅಂದ. ಎಲ್ಲಾರೂ ಹಂಗ ಅಂತಾರ್ರಿ ಅಂದಳು. ಅಲ್ಲಿಯ ಡಾಕ್ಟರು ಫಿಟ್ಸಿಗೆ, ಟಿಬಿಗೆ, ತಲೆಗೆ ಬೇರೆ ಏನಾದರೂ ಗುಳಿಗೆ ಇದೆಯೇ ಅಂತ ಕೇಳಿದರು. ಅಲ್ಲೂ ಇಲ್ಲ ಅಂದೆವು. ಅತ್ತ ದರಿ, ಇತ್ತ ಪುಲಿ, ನಡುವೆ ಪ್ರಾಚಿಯ ತಲೆ.

ಬರುವಾಗ ಬಸ್ಸಿನಲ್ಲಿ ಝಳಕಿ ಊರು ದಾಟಿತು. ಆಮೇಲೆ, ಅವ್ವಾ, ನಾ ದಿನಾ ತಗೋತೀನಿ ಅಂತ ನಿನಗರ ನಂಬಿಗಿ ಅದನೋ ಇಲ್ಲೋ ಅಂದ. ಕೆಲವು ರಾತ್ರಿ ನಾನು ಮೊದಲೇ ಮಲಗಿರುತ್ತೇನೆ. ಅದನ್ನು ಯೋಚಿಸಿದೆ. ಅಷ್ಟು ಹೊತ್ತು ತಡವಾಯಿತು, ಅವನು ಮುಖ ಆಚೆ ತಿರುಗಿಸಿದ. ಅದದ ಮಗನ, ಅದದ ಅಂತ ಎಷ್ಟು ಸಲ ಅಂದರೂ ತಿರುಗಲಿಲ್ಲ. ಆ ವಾರವೇ ನಾನು ತುಳಸಿ ಮರೆತದ್ದು.

ಈಗ ಅವನಿಗೆ ಇನ್ನೊಂದು ಹಿಡಿದಿದೆ. ಪ್ರಾಚಿ ಜನವರಿಯಲ್ಲಿ ಸ್ಕೂಟಿಯಿಂದ ಬಿದ್ದು ಕೈ ಮುರಿದುಕೊಂಡಳಲ್ಲ, ಅದರ ಹಿಂದಿನ ದಿನ ಇವನು ಡಾಕ್ಟರ್ ಮುಬೀನಳ ಹತ್ತಿರ ಒಬ್ಬನೇ ಕೂತಾಗ, ಮೇಡಂ, ಒಂದು ಮಾತು ಹೇಳೋದದ ಅಂದಿದ್ದನಂತೆ. ಅಷ್ಟೇ ಅಂದದ್ದು, ಮುಂದೆ ಹೇಳಲಿಲ್ಲ. ಮರುದಿನ ನಿನ್ನ ಫೋನು ಬಂತು. ಅಂದಿನಿಂದ, ನಾನು ಬಾಯಿ ತಗದ್ರ ಕೂಸಿಗೆ ಆಗ್ತದ ಅಂತ ಕೂತಿದ್ದಾನೆ. ವಿಜ್ಞಾನ ಕಲಿಸುವವನು ಅಂತ ನಗಬೇಡ. ಮನಸ್ಸು ನೆಟ್ಟಗಿದ್ದವರಿಗೆ ಆಣೆ ಅಂದರೆ ಮಾತು, ಮನಸ್ಸು ಮುರಿದವರಿಗೆ ಅದು ಕಾಯಿದೆ. ಮತ್ತು ನಾನೂ ನಗಲಾರೆ. ಮೊಮ್ಮಗಳ ತಲೆಯ ಮೇಲೆ ಕೈ ಇಟ್ಟು ಹೇಳಿದ ಮಾತು ಇದು.

ಇಲ್ಲಿ ಎದುರಿನ ಕೋಣೆಯಲ್ಲಿ ಕಾಖಂಡಕಿಯ ಅಕ್ಕನಾಗಮ್ಮ ಅಂತ ಇದ್ದಾಳೆ, ಸೊಸೆಯನ್ನು ಕರೆದುಕೊಂಡು ಬಂದವಳು. ಬಾಯಿ ಅಂದರೆ ಬಾಯಿ. ಪರಿಚಯ ಆದ ಮೇಲೆ, ನಮ್ಮ ಸೊಸಿಗಿ ಏಡ್ಸಿನ ಬ್ಯಾನಿ ಐತ್ರಿ ಯವ್ವಾ, ನನ್ನ ಮಗಾನ ತಂದ ಹಚ್ಚಿ ತಾ ಹ್ವಾದ, ಈಗ ಇಕಿ ಊಟ ಬಿಟ್ಟ ಕುಂತಾಳ ಅಂದಳು, ಜೋಳದ ರೇಟು ಹೇಳಿದ ಹಾಗೆ. ನಾನು ಏನು ಮಾಡಿದೆ ಗೊತ್ತೇನು? ನನ್ನ ನೀರಿನ ತಂಬಿಗೆ ಎತ್ತಿ ಈಚೆ ಇಟ್ಟುಕೊಂಡೆ. ಅವಳು ನೋಡಿದಳು. ನಿಮ್ಮದು ಮಡಿ ಇರತೈತ್ರಿ ಅಂದಳು ಪಾಪ. ಹೂಂ ಅಂದೆ. ಮಗನ ತಟ್ಟೆ ದಿನಾ ನಾನೇ ತೊಳೆಯುತ್ತೇನೆ, ಅವನು ಅರ್ಧ ಬಿಟ್ಟ ಚಹಾ ಕುಡಿಯುತ್ತೇನೆ, ಆದರೂ ಕೈ ತಂಬಿಗೆಗೆ ಹೋಯಿತು. ಮಂದಿ ಏನಂತಾರೆ ಅಂತ ನೀನು ಹೆದರುವುದರಲ್ಲಿ ತಪ್ಪಿಲ್ಲ ಗೋದಾ, ಆ ಮಂದಿಯಲ್ಲಿ ನಾನೂ ಒಬ್ಬಳು. ಮರುದಿನ ಅವಳಿಗೆ ಎರಡು ಚಪಾತಿ ಕೊಟ್ಟೆ. ತಿಂದಳು.

ಹಾಗಾಗಿ ಈ ಪತ್ರ. ಆ ಗುಳಿಗೆಗೂ ಈ ಗುಳಿಗೆಗೂ ಏನೋ ಆಗಿಬರುತ್ತಿಲ್ಲ ಅಂತ ನನ್ನ ಮನಸ್ಸು ಹೇಳುತ್ತದೆ. ಇಲ್ಲದಿದ್ದರೆ ಸೊಲ್ಲಾಪುರದವರು ಅದನ್ನೇ ಯಾಕೆ ಕೇಳಬೇಕು? ಆದರೆ ಡಾಕ್ಟರ್ ಮುಬೀನಳ ಮುಂದೆ ಬಾಯಿ ಬಿಡಲು ನನಗೆ ನಿನ್ನ ಬಿಡುಗಡೆ ಬೇಕು. ಜನವರಿಯಲ್ಲಿ ಫೋನಿನಲ್ಲಿ ಸುತ್ತಿ ಬಳಸಿ ಕೇಳಿದೆ, ನೀನು ವೈಶಾಖ ಮುಗೀಲಿ ಅವ್ವಾ ಅಂದೆ. ವೈಶಾಖದ ತನಕ ಅವನು ಉಳಿಯಬೇಕಲ್ಲ? ಡಾಕ್ಟರು ರೋಗಿಯ ಮಾತನ್ನು ಹೊರಗೆ ಹೇಳುವ ಹಾಗಿಲ್ಲ, ಅದು ಅವರ ಧರ್ಮವೂ ಹೌದು, ಕಾನೂನೂ ಹೌದು. ನಿನ್ನ ಬೀಗರ ಮನೆಗೆ ಹೋಗಿ ಅವಳೇನು ಡಂಗುರ ಸಾರುವುದಿಲ್ಲ.

ಶನಿವಾರದಿಂದ ಅವನು ಗುಳಿಗೆ ಬಾಯಿಗೆ ಹಾಕಿಕೊಳ್ಳುತ್ತಿಲ್ಲ. ಅನ್ನವೂ ಬೇಡ. ಕೈಗೆ ಸಲೈನು ಹಚ್ಚಿದ್ದಾರೆ. ಯಾಕೋ ಗೊತ್ತಿಲ್ಲ, ಗೋಡೆಗೆ ಮುಖ ಮಾಡಿ ಮಲಗುತ್ತಾನೆ. ನಾಳೆ ಸಂಜೆ ಅವನ ಫೋನಿಗೆ ಮಾಡು, ನಾನು ಅವನ ಕಿವಿಗೆ ಹಿಡಿಯುತ್ತೇನೆ. ಆಣಿ ಬಿಟ್ಟೀನಿ ಅನ್ನು. ಹೆಚ್ಚು ಏನೂ ಬೇಡ. ಬುದ್ಧಿ ಹೇಳಬೇಡ, ನೀನು ಹುಟ್ಟುತ್ತಲೇ ಮಾನಿಟರ್, ನಾಲಿಗೆ ತಡೆದುಕೋ. ಅಳುವುದಿದ್ದರೆ ಫೋನು ಇಟ್ಟ ಮೇಲೆ ಅಳು.

ಪ್ರಾಚಿಯ ಮದುವೆ ಚೆನ್ನಾಗಿಯೇ ಆಗಲಿ. ಅವಳ ಸೋದರಮಾವ ಅವಳನ್ನು ಮಂಟಪಕ್ಕೆ ಕರೆದುಕೊಂಡು ಬರಬೇಕು, ಆ ಕೆಲಸಕ್ಕೆ ಬೇರೆ ಯಾರೂ ಇಲ್ಲ. ಅಳಿಯ ಚಂದ್ರಶೇಖರರಿಗೆ ನನ್ನ ಆಶೀರ್ವಾದ ತಿಳಿಸು. ಅವರಿಗೆ ಏನು ಹೇಳುತ್ತೀಯೋ ಅದು ನಿನಗೆ ಬಿಟ್ಟದ್ದು.

ನಿನ್ನ ಅವ್ವ,
ಭಾಗೀರಥೀಬಾಯಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ನಾನು ನಿನ್ನ ಬಿಡುಗಡೆಗೆ ಕಾಯಲಿಲ್ಲ. ಶುಕ್ರವಾರ ಬೆಳಿಗ್ಗೆಯೇ ಡಾಕ್ಟರ್ ಮುಬೀನಳ ಮುಂದೆ ಎಲ್ಲ ಹೇಳಿಬಿಟ್ಟೆ. ಅವಳು ಪೆನ್ನು ಕೆಳಗಿಟ್ಟಳು. ಆಮೇಲೆ, ನಾ ಕೊಟ್ಟ ಗುಳಿಗಿ ಆ ಗುಳಿಗಿನ ತಿಂದ ಹಾಕೇತ್ರಿ ಅಮ್ಮಾರ, ಅವರು ಖರೇನ ದಿನಾ ತಗೊಂಡಾರ, ಮೈಗಿ ಹತ್ತಿಲ್ಲ ಅಷ್ಟ ಅಂದಳು. ಸೊಲ್ಲಾಪುರಕ್ಕೆ ತಾನೇ ಫೋನು ಮಾಡಿದಳು, ಗುಳಿಗೆ ಬದಲಿಸಿದಳು. ನಾನು ಓಡಿ ಹೋಗಿ, ಮಗನ, ನಿನ್ನ ತಪ್ಪಿಲ್ಲ, ನೀ ಖರೇನೇ ಹೇಳಿದ್ದಿ ಅಂದೆ. ಅವನು ಅದನ್ನು ಕೇಳಿಸಿಕೊಳ್ಳಲಿಲ್ಲ. ಅಕ್ಕ ಆಣಿ ಬಿಟ್ಟಳೇನು ಅಂದ. ಬಿಟ್ಟಾಳ, ಫೋನ್ ಮಾಡಿ ಬಿಟ್ಟಾಳ, ಅದಕ್ಕ ಹೇಳೀನಿ ಅಂದೆ. ಅಕಿ ಬಾಯಿಂದ ಕೇಳ್ತೀನಿ ಅಂದ. ಶನಿವಾರ ಬೆಳಿಗ್ಗೆಯಿಂದ ತುಟಿ ಬಿಗಿದಿದ್ದಾನೆ. ತಾನು ಉಪವಾಸ ಇದ್ದರೆ ಕೂಸಿಗೆ ತಟ್ಟುವುದು ತನಗೆ ತಟ್ಟಲಿ ಅಂತ. ನಾನೂ ಅಷ್ಟೇ ದಡ್ಡಿ, ಶುಕ್ರವಾರದಿಂದ ದಿನಾ ಬೆಳಿಗ್ಗೆ ಪ್ರಾಚಿಗೆ ಫೋನು ಮಾಡಿ ಏನು ತಿಂಡಿ ಅಂತ ಕೇಳುತ್ತಿದ್ದೇನೆ. ಏನಜ್ಜೀ ದಿನಾ ಅಂತ ನಗುತ್ತಾಳೆ. ಬೈಯುವುದಿದ್ದರೆ ನನ್ನನ್ನು ಬೈ, ಬೇಕಾದರೆ ಮದುವೆಗೆ ಕರೆಯಬೇಡ. ಆದರೆ ನಾಳೆ ಅವನು ಯಾವತ್ತು ಬಿಟ್ಟಿ ಅಂತ ನಿನ್ನನ್ನು ಕೇಳೇ ಕೇಳುತ್ತಾನೆ. ಗುರುವಾರ ಅನ್ನು.